ಹುಳದ ಮಾಷ್ಟ್ರಿಗೊಂದು ಶಾಲು

ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲ್ಲೂಕುಗಳಲ್ಲಿ ಸನ್ಮಾನ ಆಗದ ಮನುಷ್ಯ ಯಾರಾದರೂ ಸಿಕ್ಕಿದರೆ ಆ ಕಾರಣಕ್ಕೇ ಅವನಿಗೊಂದು ಸನ್ಮಾನ ಮಾಡಬಹುದು. ಭಾಗವತರಿಗೆ ಆಗಿದೆ, ಮದ್ದಲೆಯವರಿಗೆ ಆಗಿದೆ, ನಾಟಿವೈದ್ಯರಿಗೆ ಆಗಿದೆ, ಕಂಬಳದ ಕೋಣಕ್ಕೂ ಆಗಿದೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಕಟ್ಟು ಹಾಕಿಸಿದ ಮಾನಪತ್ರ ಇವಿಷ್ಟರ ಖರ್ಚು ಹೊರುವ ಯುವಕ ಮಂಡಲವೊಂದು ಊರೂರಲ್ಲೂ ಇದೆ. ಹೀಗಿದ್ದೂ ಒಬ್ಬರು ಮಾತ್ರ ಎಲ್ಲರ ಕಣ್ಣು ತಪ್ಪಿ ಉಳಿದುಹೋಗಿದ್ದಾರೆ. ಅವರು ಎಂಬಿಬಿಎಸ್ ಮಕ್ಕಳಿಗೆ ಪ್ಯಾರಾಸೈಟಾಲಜಿ, ಎಂದರೆ ಪರಾವಲಂಬಿ ಜೀವಿಗಳ ಶಾಸ್ತ್ರ, ಕಲಿಸುವ ಪ್ರಾಧ್ಯಾಪಕರು. ಹೃದಯದ ಡಾಕ್ಟರಿಗೆ, ಕಣ್ಣಿನ ಡಾಕ್ಟರಿಗೆ ಕರೆಕರೆದು ಶಾಲು ಹೊದೆಸುವವರು ಇವರ ಹತ್ತಿರ ಸುಳಿಯುವುದಿಲ್ಲ. ಕಾರಣವೂ ಇದೆ ಅನ್ನಿ. ‘ಇವರು ಮೂವತ್ತು ವರ್ಷ ಮಲಪರೀಕ್ಷೆ ಕಲಿಸಿದವರು’ ಎಂದು ಮೈಕಿನಲ್ಲಿ ಹೇಳಲು ಕಾರ್ಯಕ್ರಮ ನಿರೂಪಕರಿಗೆ ನಾಲಗೆ ಏಳುವುದಿಲ್ಲ, ಅದೂ ಊಟಕ್ಕೆ ಮುಂಚೆ.

ಈ ಕೊರತೆಯನ್ನು ನನ್ನ ಕೈಲಾದಷ್ಟು ತುಂಬಿಕೊಡೋಣ ಎಂದು ಕುಳಿತಿದ್ದೇನೆ.

ಯಾವ ಕಾಲೇಜಿನ ಮಾಷ್ಟ್ರು ಎಂದು ಕೇಳಬೇಡಿ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ ಮೇಲೆ ಕರಾವಳಿಯಲ್ಲಿ ಇಂಥ ಕಾಲೇಜುಗಳಿಗೆ ಬರವಿಲ್ಲ. ಪಠ್ಯಕ್ರಮ ದಿಲ್ಲಿಯಲ್ಲಿ ತಯಾರಾಗಿ ದೇಶಕ್ಕೆಲ್ಲ ಒಂದೇ ಅಳತೆಯಲ್ಲಿ ಬರುವುದರಿಂದ ಎಲ್ಲಿ ಕೂತು ಕಲಿತರೂ ಹುಳ ಅದೇ. ಹಾಗಾಗಿ ನಾನು ಹೊಗಳುತ್ತಿರುವುದು ಒಂದು ಪರಂಪರೆಯನ್ನು. ಶಿರೂರಿನ ಬಾಣಂತಿ, ಗಂಗೊಳ್ಳಿಯ ದೋಣಿಯವರು, ಬಾರ್ಕೂರಿನ ಗದ್ದೆಯವರು ಇಲ್ಲಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಗುಣ ಕಾಣದೆ ದೊಡ್ಡ ಆಸ್ಪತ್ರೆಗೆ ಬಸ್ಸು ಹತ್ತಿದರೆ, ಕೊನೆಗೆ ಕೈಗೆ ಸಿಗುವುದು ಈ ಪರಂಪರೆಯಲ್ಲಿ ಪಳಗಿದವರಿಗೇ.

ಈ ಪರಂಪರೆಯ ದೊಡ್ಡ ಸಾಧನೆ ಯಾವುದೆಂದರೆ, ಹುಳವನ್ನು ರೋಗಿಯಿಂದ ಪೂರ್ತಿಯಾಗಿ ಬಿಡಿಸಿದ್ದು. ಆಲ್ಬೆಂಡಜೋಲ್ ಮಾತ್ರೆ ಕೊಟ್ಟು ಬಿಡಿಸುವುದು ಯಾವ ಡಾಕ್ಟರಿಗೂ ಬರುತ್ತದೆ. ಬರಿಯ ಪಾಠದಿಂದಲೇ ಬಿಡಿಸುವುದಕ್ಕೆ ಸಾಧನೆ ಬೇಕು.

ವಿಭಾಗದ ಮ್ಯೂಸಿಯಮ್ಮಿಗೆ ಒಮ್ಮೆ ಕಾಲಿಟ್ಟು ನೋಡಿ. ಗಾಜಿನ ಕಪಾಟಿನಲ್ಲಿ ಫಾರ್ಮಲಿನ್ ತುಂಬಿದ ಜಾಡಿಗಳು ಸಾಲಾಗಿ ಕುಳಿತಿವೆ. ಒಂದರಲ್ಲಿ ಜಂತುಹುಳು. ಹೆಣ್ಣು, 30 ಸೆಂಟಿಮೀಟರಿನ ಆಸುಪಾಸು ಉದ್ದ, ಜೀವಂತ ಇದ್ದಾಗ ದಿನಕ್ಕೆ 2 ಲಕ್ಷದಷ್ಟು ಮೊಟ್ಟೆ ಇಡುತ್ತಿದ್ದ ಜಾತಿ, ಈಗ ನಿವೃತ್ತ. ಇನ್ನೊಂದರಲ್ಲಿ ಐದಾರು ಮೀಟರಿನ ಲಾಡಿಹುಳು, ಮದುವೆ ಮನೆಯ ಪತ್ತಲದ ಹಾಗೆ ಅಚ್ಚುಕಟ್ಟಾಗಿ ಮಡಚಿಟ್ಟದ್ದು. ಈ ಹುಳಗಳು ಯಾರ ಹೊಟ್ಟೆಯಲ್ಲಿದ್ದವು, ಆ ಮನುಷ್ಯ ಆಮೇಲೆ ಏನಾದ ಎಂಬ ಚಿಲ್ಲರೆ ವಿಷಯಗಳನ್ನು ಚೀಟಿಯ ಮೇಲೆ ಬರೆದು ಜಾಗ ಹಾಳುಮಾಡಿಲ್ಲ. ಲ್ಯಾಟಿನ್ ಹೆಸರು ಇದೆ. ಅಷ್ಟು ಸಾಕು.

ಪರೀಕ್ಷೆಯ ದಿನ ಇವೇ ಜಾಡಿಗಳು ‘ಸ್ಪಾಟರ್’ ಆಗುತ್ತವೆ. ಗಂಟೆ ಹೊಡೆದಾಗ ಒಂದು ಜಾಡಿಯ ಮುಂದೆ ನಿಲ್ಲಬೇಕು, ಗುರುತಿಸಿ ಬರೆಯಬೇಕು, ಮತ್ತೆ ಗಂಟೆ ಹೊಡೆದಾಗ ಮುಂದಿನದಕ್ಕೆ ಸರಿಯಬೇಕು. ಜಾಣ ವಿದ್ಯಾರ್ಥಿಗಳು ಹುಳದ ಮುಖ ನೋಡುವ ಕಷ್ಟಕ್ಕೇ ಹೋಗುವುದಿಲ್ಲ. ಮುಚ್ಚಳದ ಅಂಚು ಒಡೆದದ್ದು ಹೈಡಾಟಿಡ್ ಗಂಟು, ಮೇಣ ಹಳದಿಯಾದದ್ದು ಚಾಟಿಹುಳು, ನೀರು ಕಲಕಿದರೆ ಮೋಡ ಏಳುವುದು ಜಂತು, ಹೀಗೆ ಹಿರಿಯರಿಂದ ಕಿರಿಯರಿಗೆ ಗುರುತು ಹರಿದು ಬರುತ್ತದೆ. ಜಾಡಿ ಬದಲಿಸಿದ ವರ್ಷ ನಪಾಸಾದವರ ಸಂಖ್ಯೆ ಏರಿದರೆ ಅದು ಜಾಡಿಯ ತಪ್ಪು, ಬೋಧನೆಯದ್ದಲ್ಲ.

ಇತ್ತೀಚೆಗೆ ಮಾತ್ರ ಈ ಶಾಸ್ತ್ರಕ್ಕೆ ಕೆಟ್ಟ ಕಾಲ ಬಂದಿದೆ. ಮನೆಮನೆಗೆ ಪಾಯಿಖಾನೆ ಆಯಿತು, ಮಕ್ಕಳ ಕಾಲಿಗೆ ಚಪ್ಪಲಿ ಬಂತು. ಅದು ಸಾಲದೆಂದು 2015ರಿಂದ ಸರ್ಕಾರ ಫೆಬ್ರವರಿ 10ನ್ನು ಜಂತುಹುಳು ನಿವಾರಣಾ ದಿನ ಎಂದು ಗೊತ್ತುಮಾಡಿ, 1ರಿಂದ 19 ವರ್ಷದ ಮಕ್ಕಳನ್ನೆಲ್ಲ ಶಾಲೆ, ಅಂಗನವಾಡಿಗಳಲ್ಲಿ ಸಾಲು ನಿಲ್ಲಿಸಿ 400 ಮಿಲಿಗ್ರಾಂ ಮಾತ್ರೆಯೊಂದನ್ನು ಎದುರಿಗೇ ಜಗಿಸಲು ಶುರುಮಾಡಿತು. ಎರಡು ವರ್ಷದೊಳಗಿನ ಕೂಸುಗಳನ್ನೂ ಬಿಡದೆ ಅರ್ಧ ಮಾತ್ರೆ. ಇದರಿಂದ ವಿಭಾಗಕ್ಕೆ ಹೊಸ ಹುಳದ ಪೂರೈಕೆ ಕುಸಿದಿರುವುದನ್ನು ಯಾವ ಜನಪ್ರತಿನಿಧಿಯೂ ಗಮನಿಸಿಲ್ಲ. ಮಲೇರಿಯಾದ ಸ್ಲೈಡುಗಳದ್ದೂ ಇದೇ ಕಥೆ. ಮಂಗಳೂರಿನಲ್ಲಿ ಕಟ್ಟಡಗಳು ಏಳುತ್ತಿದ್ದ, ಟೆರೇಸಿನ ಟ್ಯಾಂಕಿಗಳಲ್ಲಿ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆ ತೊಟ್ಟಿಲು ಕಟ್ಟಿದ್ದ ಸುಭಿಕ್ಷ ಕಾಲದಲ್ಲಿ ದಿನಕ್ಕೊಂದು ತಾಜಾ ರಕ್ತಲೇಪನ ಸಿಗುತ್ತಿತ್ತು. ಈಗ ಹಳೆಯ ಗಾಜುಗಳೇ ಗತಿ. ಲೀಶ್ಮನ್ ಬಣ್ಣ ಮಾಸಿ, ಎಣ್ಣೆ ಒರೆಸಿ ಒರೆಸಿ ಗೀರು ಬಿದ್ದು, ಪರಾವಲಂಬಿ ಯಾವುದು ಧೂಳು ಯಾವುದು ಎಂದು ಹೇಳಲಾಗದ ಹದಕ್ಕೆ ಬಂದಿವೆ. ಕಣ್ಣು ಕಿರಿದು ಮಾಡಿದ ಹುಡುಗಿ ‘ಕಾಣ್ತಾ ಇಲ್ಲ ಸರ್’ ಅಂದರೆ ಮಾಷ್ಟ್ರು ತಾವೂ ಒಮ್ಮೆ ಬಗ್ಗಿ, ನಾಬ್ ತಿರುಗಿಸಿ, ‘ಇದೆಯಮ್ಮ, ಮೂಲೆಯಲ್ಲಿ’ ಅನ್ನುತ್ತಾರೆ. ಹುಡುಗಿ ರೆಕಾರ್ಡ್ ಪುಸ್ತಕದಲ್ಲಿ ಉಂಗುರ ಬರೆಯುತ್ತಾಳೆ, ಉಂಗುರಕ್ಕೆ ಕೆಂಪು ಹರಳು ಇಡುತ್ತಾಳೆ. ವಿಜ್ಞಾನಕ್ಕೂ ಭಕ್ತಿಗೂ ಜಗಳ ಎಂದು ವಾದಿಸುವವರು ಈ ಪ್ರಯೋಗಾಲಯಕ್ಕೆ ಒಮ್ಮೆ ಬರಬೇಕು.

ಉಪಮೆ ಎಂದರೆ ಕಾಳಿದಾಸ ಎನ್ನುವವರು ಪ್ಯಾರಾಸೈಟಾಲಜಿ ಓದಿದವರಲ್ಲ. ಈ ಶಾಸ್ತ್ರದಲ್ಲಿ ಯಾವುದೂ ತನ್ನ ಹಾಗೆ ಇರುವುದಿಲ್ಲ. ಫಾಲ್ಸಿಪಾರಮ್ ಮಲೇರಿಯಾದ ಗ್ಯಾಮೆಟೋಸೈಟ್ ಬಾಳೆಹಣ್ಣು. ಜಿಯಾರ್ಡಿಯಾ ಟೆನಿಸ್ ರ‍್ಯಾಕೆಟ್ಟು, ಅದರ ಚಲನೆ ಉದುರುವ ಎಲೆ. ಚಾಟಿಹುಳುವಿನ ಮೊಟ್ಟೆ ಎರಡೂ ತುದಿಗೆ ಬೆಣೆ ಹೊಡೆದ ಪೀಪಾಯಿ. ಬಡಗುತಿಟ್ಟಿನ ಊರಿನಲ್ಲಿ ಆ ಮೊಟ್ಟೆಯನ್ನು ಒಬ್ಬರಾದರೂ ಮದ್ದಲೆ ಅನ್ನಬಹುದಿತ್ತು, ಆದರೆ ಮದ್ದಲೆಗೆ ಅಂಕ ಇಲ್ಲ. ಇವೆಲ್ಲಕ್ಕೂ ಕಳಶವಿಟ್ಟಂಥದ್ದು ಅಮೀಬಾದಿಂದ ಆಗುವ ಯಕೃತ್ತಿನ ಕುರುವಿನ ಕೀವು. ಅದನ್ನು ‘ಆಂಕೋವಿ ಸಾಸ್‌ನಂತೆ’ ಎಂದು ಬರೆಯಬೇಕು. ಆಂಕೋವಿ ಎಂದರೆ ಪುಟ್ಟದೊಂದು ಮೀನು. ಯುರೋಪಿನವರು ಅದನ್ನು ಉಪ್ಪಿನಲ್ಲಿ ಕಳಿಯಲು ಬಿಟ್ಟು ಕಂದುಬಣ್ಣದ ಸಾಸು ಮಾಡುತ್ತಾರೆ. ಅದೇ ಬಳಗದ ಮೀನು ಗಂಗೊಳ್ಳಿಯ ದಕ್ಕೆಯಲ್ಲಿ ರಾಶಿ ಬೀಳುತ್ತದೆ, ಬಿಸಿಲಿಗೆ ಒಣಗುತ್ತದೆ, ಸಾರಿಗೂ ಹೋಗುತ್ತದೆ. ಸಾಸನ್ನು ಮಾತ್ರ ಮಾಷ್ಟ್ರೂ ಕಂಡಿಲ್ಲ, ಅವರ ಮಾಷ್ಟ್ರೂ ಕಂಡಿಲ್ಲ, ಪರೀಕ್ಷಕರೂ ಕಂಡಿಲ್ಲ. ಆದರೂ ದೇಶಕ್ಕೆ ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನ ದಾಟಿದರೂ ಆ ಸಾಸಿನ ರುಚಿ ಕೆಡದಂತೆ ಕಾಪಾಡಿಕೊಂಡು ಬಂದಿದ್ದಾರೆ. ಕಾಣದ ಕೀವನ್ನು ಕಾಣದ ಸಾಸಿಗೆ ಹೋಲಿಸುವ ಈ ಅಲಂಕಾರಕ್ಕೆ ನಮ್ಮ ಲಾಕ್ಷಣಿಕರು ಹೆಸರಿಡದೆ ಹೋದದ್ದು ದೊಡ್ಡ ಲೋಪ.

ಸಂಕುಚಿತ ಮನೋಭಾವದ ಆರೋಪವನ್ನಂತೂ ಈ ಪಾಠದ ಮೇಲೆ ಯಾರೂ ಹೊರಿಸುವಂತಿಲ್ಲ. ಮಾಬುಕಳ ಸೇತುವೆಯ ಆಚೆ ಸೀತಾನದಿಯ ದಂಡೆಯಲ್ಲಿ ಯಾವ ಊರಿದೆ ಎಂದು ತಿಳಿಯದ ವಿದ್ಯಾರ್ಥಿಗೆ ನೈಲ್ ನದಿಯ ಬಸವನಹುಳುವಿನ ಹೊಟ್ಟೆಯಲ್ಲಿ ಸಿಸ್ಟೊಸೋಮಾ ಎಷ್ಟು ಅವಸ್ಥೆ ಕಳೆಯುತ್ತದೆ ಎಂದು ಬಾಯಿಪಾಠ. ಆಫ್ರಿಕಾದ ತ್ಸೆತ್ಸೆ ನೊಣ, ದಕ್ಷಿಣ ಅಮೆರಿಕದ ಗುಡಿಸಲಿನ ಗೋಡೆಬಿರುಕಿನಿಂದ ಇಳಿದುಬಂದು ಮುಖಕ್ಕೆ ಕಚ್ಚುವ ತಿಗಣೆ, ಉತ್ತರ ಯುರೋಪಿನ ಸರೋವರದ ಹಸಿಮೀನಿನಿಂದ ಬಂದು ಬಿ12 ಜೀವಸತ್ವ ಕದಿಯುವ ಮೀನಿನ ಲಾಡಿಹುಳು ಎಲ್ಲರ ಪರಿಚಯವೂ ಉಂಟು. ಮೀನನ್ನು ಹುಳಿ, ಖಾರ, ತೆಂಗಿನಕಾಯಿ ಹಾಕಿ ಅದರ ಹಿಂದಿನ ಜನ್ಮದ ನೆನಪೂ ಅಳಿಯುವ ತನಕ ಕುದಿಸುವ ನಾಡಿನಲ್ಲಿ ಈ ಕೊನೆಯ ಹುಳದ ಜೀವನಚಕ್ರವನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆಸುವುದಕ್ಕೆ ಎಷ್ಟು ವಿಶಾಲ ದೃಷ್ಟಿ ಬೇಕು!

ಊರಿನ ಹುಳವನ್ನು ಕಡೆಗಣಿಸಿದ್ದಾರೆ ಎಂದು ಇದರಿಂದ ಅರ್ಥ ಮಾಡಿಕೊಳ್ಳಬಾರದು. ಕೊಕ್ಕೆಹುಳುವನ್ನು ಸಾಕಷ್ಟು ಹೊತ್ತು ಕಲಿಸುತ್ತಾರೆ. ಬೆಚ್ಚನೆಯ, ತೇವದ, ನೆರಳಿನ ಮಣ್ಣಿನಲ್ಲಿ ಮರಿ ಬೆಳೆಯುತ್ತದೆ. ತೋಟದ ಬುಡದಲ್ಲೋ ಗದ್ದೆಯ ಅಂಚಿನಲ್ಲೋ ಬರಿಗಾಲು ಇಟ್ಟವರ ಬೆರಳ ಸಂದಿಯಲ್ಲಿ ಚರ್ಮ ತೂರಿ ಒಳಗೆ ಹೋಗುತ್ತದೆ, ಅಲ್ಲಿ ತುರಿಕೆ ಏಳುತ್ತದೆ. ರಕ್ತದಲ್ಲಿ ಹರಿದು ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ, ನುಂಗಿದರೆ ಕರುಳಿಗೆ. ಕರುಳಿಗೆ ಕಚ್ಚಿಕೊಂಡ ಮೇಲೆ ಆನ್ಸಿಲೋಸ್ಟೋಮಾ ಜಾತಿಯ ಒಂದೊಂದು ಹುಳವೂ ದಿನಕ್ಕೆ 0.15ರಿಂದ 0.2 ಮಿಲಿಲೀಟರ್ ರಕ್ತ ನಷ್ಟ ಮಾಡುತ್ತದೆ. ನೆಕೇಟರ್ ಜಾತಿ ಕಡಿಮೆ, 0.03ರಷ್ಟು. ನೂರಾರು ಹುಳ ವರ್ಷಗಟ್ಟಲೆ ಬೀಡುಬಿಟ್ಟರೆ ಮನುಷ್ಯ ಬಿಳಿಚುತ್ತಾನೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದರೆ ವಿದ್ಯಾರ್ಥಿಗೆ ಎಲ್ಲಿ ಅರ್ಥವಾಗಿಬಿಡುತ್ತದೋ ಎಂದು 2019ರಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮ ಮುಂಜಾಗ್ರತೆ ವಹಿಸಿದೆ. ಈಗ ಪ್ಯಾರಾಸೈಟಾಲಜಿ ಎಂಬ ಇಡಿಯ ವಿಷಯವೇ ಇಲ್ಲ. ಅಂಗಾಂಗಗಳ ಲೆಕ್ಕದಲ್ಲಿ ಹರಿದು ಹಂಚಿದ್ದಾರೆ. ರಕ್ತಹೀನತೆಯ ಪಾಠದಲ್ಲಿ ಕೊಕ್ಕೆಹುಳುವಿನ ಒಂದು ತುದಿ, ಕರುಳಿನ ಪಾಠದಲ್ಲಿ ಇನ್ನೊಂದು ತುದಿ. ಹುಳ ಒಂದೇ ದೇಹದಲ್ಲಿ ನಾಲ್ಕು ಊರು ಸುತ್ತುವಷ್ಟು ಹೊತ್ತಿಗೆ ವಿದ್ಯಾರ್ಥಿ ಎರಡು ಆಂತರಿಕ ಪರೀಕ್ಷೆ ಬರೆದು ಮುಗಿಸಿರುತ್ತಾನೆ.

ತಡೆಗಟ್ಟುವ ಕ್ರಮ? ‘ಪಾದರಕ್ಷೆ ಧರಿಸುವುದು.’ ಪೂರ್ತಿ ಅಂಕ. ಆಷಾಢದ ಮಳೆಯಲ್ಲಿ ಮೊಣಕಾಲವರೆಗಿನ ಕೆಸರಿನಲ್ಲಿ ಬಗ್ಗಿ ನೆಟ್ಟಿ ಮಾಡುವ ಹೆಂಗಸು ಚಪ್ಪಲಿಯನ್ನು ಎಲ್ಲಿ ಧರಿಸಬೇಕು ಎಂದು ಪರೀಕ್ಷಕರು ಕೇಳುವುದಿಲ್ಲ, ವಂಡಾರಿನ ಕಂಬಳದ ಗದ್ದೆಗೆ ಬೂಟು ಹಾಕಿ ಇಳಿಯುವುದು ಹೇಗೆಂದು ವಿದ್ಯಾರ್ಥಿಯೂ ಎದುರಾಡುವುದಿಲ್ಲ. ಅಷ್ಟರಮಟ್ಟಿಗೆ ಪರಸ್ಪರ ಮರ್ಯಾದೆ ಇದೆ.

ಈ ಶಾಸ್ತ್ರದ ಕೀರ್ತಿಯಲ್ಲಿ ಅರ್ಧ ಪಾಲು ಪುಸ್ತಕದ ರೋಗಿಗೆ ಸಲ್ಲಬೇಕು. ಎಷ್ಟು ಒಳ್ಳೆಯ ಮನುಷ್ಯ! ವೈವ್ಯಾಕ್ಸ್ ಮಲೇರಿಯಾ ಬಂದರೆ ಸರಿಯಾಗಿ 48 ಗಂಟೆಗೊಮ್ಮೆ ನಡುಗುತ್ತಾನೆ, ಆಮೇಲೆ ಸುಡುತ್ತಾನೆ, ಆಮೇಲೆ ಬೆವರುತ್ತಾನೆ. ಯಕೃತ್ತಿನಲ್ಲಿ ಮಲಗಿದ ಪರಾವಲಂಬಿ ಮತ್ತೆ ಎದ್ದು ಜ್ವರ ತರಬಾರದೆಂದು ಪ್ರಿಮಾಕ್ವಿನ್ ಮಾತ್ರೆಯನ್ನು 14 ದಿನ ತಪ್ಪದೆ ನುಂಗುತ್ತಾನೆ. ಮಧ್ಯದಲ್ಲಿ ಅವನಿಗೆ ಕೆಲಸವಿಲ್ಲ, ಸಾಲವಿಲ್ಲ, ತಂಗಿಯ ಮದುವೆ ಇಲ್ಲ. ಗಂಗೊಳ್ಳಿಯ ಆಳಸಮುದ್ರ ಬೋಟಿನವನಿಗೆ ಈ ಶಿಸ್ತು ಎಲ್ಲಿಂದ ಬರಬೇಕು? ಮೂರನೇ ದಿನ ಜ್ವರ ಬಿಟ್ಟಿತು, ನಾಲ್ಕನೇ ದಿನ ಬೋಟು ಹೊರಟಿತು, ವಾರ ಹತ್ತು ದಿನ ನೆಲವೇ ಕಾಣುವುದಿಲ್ಲ. ಮಾತ್ರೆಯ ಹಾಳೆ ಮನೆಯ ಗೋಡೆಗಡಿಯಾರದ ಹಿಂದೆ ಉಳಿಯಿತು. ಆರು ತಿಂಗಳ ನಂತರ ಅದೇ ಮನುಷ್ಯ ಮತ್ತೆ ನಡುಗುತ್ತ ಬಂದರೆ ಕೇಸ್ ಶೀಟಿನಲ್ಲಿ ಅವನನ್ನು ‘ಚಿಕಿತ್ಸೆ ಪಾಲಿಸದ ರೋಗಿ’ ಎಂದು ನಮೂದಿಸುತ್ತಾರೆ. ಪುಸ್ತಕದ ರೋಗಿಯ ಮರ್ಯಾದೆಗೆ ಕುಂದು ಬರಲು ಬಿಡುವುದಿಲ್ಲ.

ಭಾಷೆಯ ವಿಷಯದಲ್ಲಿ ತೋರಿದ ಸಂಯಮವನ್ನೂ ಹೇಳಲೇಬೇಕು. 1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಸಂಪುಟಗಟ್ಟಲೆ ‘ವಿಜ್ಞಾನ ಪ್ರಪಂಚ’ ಬರೆದು, ಎಂಥ ವಿಜ್ಞಾನವನ್ನೂ ಕನ್ನಡದಲ್ಲಿ ಹೇಳಬಹುದು ಎಂಬ ಅಪಾಯಕಾರಿ ವದಂತಿ ಹಬ್ಬಿಸಿದರು. ಕೋಟದಿಂದ ಕೂಗಳತೆಯ ಕಾಲೇಜುಗಳು ಆ ವದಂತಿಗೆ ಕಿವಿಗೊಡದೆ ಗಟ್ಟಿಯಾಗಿ ನಿಂತಿವೆ. ಹೊರರಾಜ್ಯದ ಮಕ್ಕಳಿಗೆ ಮೊದಲ ವರ್ಷ ಸ್ವಲ್ಪ ಕನ್ನಡ ಕಲಿಸುತ್ತಾರೆ, ಇಲ್ಲವೆನ್ನುವಂತಿಲ್ಲ. ‘ನಿಮಗೆ ಎಷ್ಟು ದಿನಗಳಿಂದ ಹೊಟ್ಟೆನೋವು ಇದೆ?’ ಎಂದು ದೂರದರ್ಶನದ ವಾರ್ತೆಯ ಕನ್ನಡದಲ್ಲಿ ಕೇಳಲು ಬರುತ್ತದೆ. ಎದುರಿಗೆ ಕುಳಿತ ಹೆಮ್ಮಾಡಿಯ ಅಜ್ಜಿ ಹೇಳುವುದೇ ಬೇರೆ:

‘ಹ್ವಾಯ್ ಡಾಕ್ಟ್ರೇ, ಹೊಟ್ಟಿನೋವ್ ಎಂತದೂ ಇಲ್ಲೆ. ಈ ಮಾಣಿ ರಾತ್ರಿ ಇಡೀ ಹಲ್ಲ್ ಕಡಿತಾ, ಕುಂಡಿ ತುರ್ಸ್ಕಂತಾ. ಎಂತ ಮಾಡುದ್ ಮಾರಾಯ್ರೆ?’

ಡಾಕ್ಟರಾಗಲಿರುವ ಹುಡುಗ ‘ಹೊಟ್ಟೆನೋವು: ಇಲ್ಲ’ ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾನೆ. ದಾರದಹುಳುವಿನ ಹೆಣ್ಣು ರಾತ್ರಿ ಹೊತ್ತು ಹೊರಬಂದು ಗುದದ ಸುತ್ತ ಮೊಟ್ಟೆ ಇಡುತ್ತದೆ, ಅದರಿಂದ ಮಗು ಕೆರೆದುಕೊಳ್ಳುತ್ತದೆ, ಉಗುರಿನ ಸಂದಿಯ ಮೊಟ್ಟೆ ಮತ್ತೆ ಬಾಯಿಗೆ ಹೋಗುತ್ತದೆ, ಇದನ್ನು ಅವನು ಹಿಂದಿನ ವಾರವಷ್ಟೇ ಇಂಗ್ಲಿಷಿನಲ್ಲಿ ಆರು ಅಂಕಕ್ಕೆ ಬರೆದಿದ್ದ. ಬೆಳಿಗ್ಗೆ ಅಂಟುಪಟ್ಟಿ ಒತ್ತಿ ತೆಗೆದು ಗಾಜಿನ ಮೇಲೆ ಅಂಟಿಸಿ ಮೊಟ್ಟೆ ಹುಡುಕುವ ಪರೀಕ್ಷೆಯನ್ನೂ ಚಿತ್ರಸಹಿತ ವಿವರಿಸಿದ್ದ. ಅಜ್ಜಿ ಹೇಳಿದ್ದು ಅದೇ ಉತ್ತರ, ಒಂದೇ ಸಾಲಿನಲ್ಲಿ. ಚಿತ್ರ ಬರೆಯದಿದ್ದರಿಂದ ಅಂಕ ಸಿಗಲಿಲ್ಲ. ಅಂಗನವಾಡಿಯ ಟೀಚರ್ ಆದರೆ ‘ಉಗ್ರ್ ತೆಗಿ, ಮನೆಯವ್ರೆಲ್ಲ ಒಟ್ಟಿಗೆ ಮಾತ್ರೆ ತಿನ್ನಿ, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೀರಿ’ ಎಂದು ಅರ್ಧ ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದರು. ಇಷ್ಟು ಬೇಗ ಮುಗಿಯುವುದನ್ನು ವಿಶ್ವವಿದ್ಯಾಲಯದ ಶಿಕ್ಷಣ ಎನ್ನಲು ಬರುವುದಿಲ್ಲ.

ಇತಿಹಾಸ ಪಾಠದಲ್ಲಿಯೂ ಇದೇ ಶುದ್ಧಿ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡ, 1902ರಲ್ಲಿ ನೊಬೆಲ್ ಪಡೆದ ಎಂದು ಎಲ್ಲರಿಗೂ ಗೊತ್ತು. ಆ ಸೊಳ್ಳೆಗಳಿಗೆ ರಕ್ತ ಕೊಟ್ಟವನು ಹುಸೇನ್ ಖಾನ್ ಎಂಬ ರೋಗಿ. ಕಚ್ಚಿಸಿಕೊಂಡದ್ದಕ್ಕೆ ಸೊಳ್ಳೆಯೊಂದಕ್ಕೆ ಒಂದಾಣೆ ಕೂಲಿ. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1877ರಲ್ಲಿ, ಚೀನಾದ ಅಮೋಯ್‌ನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ತನ್ನ ತೋಟದಾಳು ಹಿನ್ ಲೋ ಎಂಬವನನ್ನು ಸೊಳ್ಳೆ ಬಿಟ್ಟ ಕೋಣೆಯಲ್ಲಿ ಮಲಗಿಸಿ, ಮನುಷ್ಯನ ರಕ್ತದಲ್ಲಿದ್ದ, ಆನೆಕಾಲು ತರುವ ಫೈಲೇರಿಯಾ ಹುಳದ ಮರಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ಕಂಡುಹಿಡಿದ. ಪರೀಕ್ಷೆಯಲ್ಲಿ ಹುಸೇನ್ ಖಾನನ ಹೆಸರು ಬರೆದರೂ ಅಂಕ ಹೆಚ್ಚುವುದಿಲ್ಲ, ಬಿಟ್ಟರೂ ಕಡಿಮೆಯಾಗುವುದಿಲ್ಲ. ರೋಗಿಯನ್ನು ಗೌರವದಿಂದ ಹೊರಗಿಡುವ ಪದ್ಧತಿ ಈ ಶಾಸ್ತ್ರ ಹುಟ್ಟಿದ ದಿನದಿಂದಲೇ ಇತ್ತು. ನಮ್ಮವರು ಅದನ್ನು ಮುಂದುವರಿಸಿದ್ದಾರೆ, ಅಷ್ಟೇ.

ಹಾಗೆಂದು ಹಳ್ಳಿಯನ್ನು ಮರೆತಿಲ್ಲ. ಕೆಲವು ವರ್ಷಗಳಿಂದ ಪ್ರತಿ ಎಂಬಿಬಿಎಸ್ ವಿದ್ಯಾರ್ಥಿಯೂ ಹಳ್ಳಿಯ ಕೆಲವು ಕುಟುಂಬಗಳನ್ನು ‘ದತ್ತು’ ತೆಗೆದುಕೊಳ್ಳಬೇಕೆಂಬ ನಿಯಮವಿದೆ. ಹದಿನೆಂಟು ವರ್ಷದ ಹುಡುಗಿ, ಎಪ್ಪತ್ತು ದಾಟಿದ ಅಜ್ಜಿಯನ್ನು, ಅಜ್ಜಿಯ ಮಗನನ್ನು, ಸೊಸೆಯನ್ನು, ಅವರ ಎರಡು ಎಮ್ಮೆಗಳ ಸಮೇತ ದತ್ತು ಪಡೆಯುತ್ತಾಳೆ. ಕಾಲೇಜಿನ ಬಸ್ಸು ಬೆಳಿಗ್ಗೆ ಬರುತ್ತದೆ. ಬಿಪಿ, ತೂಕ, ಎತ್ತರ ಆಗುತ್ತದೆ. ದತ್ತು ಹೋದವರೇ ದತ್ತು ಪಡೆದವಳಿಗೆ ಬೆಲ್ಲ ನೀರು ಕೊಟ್ಟು, ‘ಊಟ ಮಾಡ್ಕಂಡ್ ಹೋಯ್ಕ್ ಮಗಾ’ ಎನ್ನುತ್ತಾರೆ. ಲಾಗ್‌ಬುಕ್ಕಿಗೆ ಸಹಿ ಬೀಳಬೇಕು, ಜಾಗದ ಗುರುತು ಬರುವ ಹಾಗೆ ಫೋಟೋ ಆಗಬೇಕು, ಅಷ್ಟರಲ್ಲಿ ಬಸ್ಸಿನ ಹಾರ್ನ್. ಹಿತ್ತಿಲಿನಲ್ಲಿ ಮುಚ್ಚದ ಶೌಚದ ಗುಂಡಿ, ಅದರ ಗಾಳಿಕೊಳವೆಯಿಂದ ಸಂಜೆ ಹೊತ್ತು ಮೋಡದಂತೆ ಹೊರಡುವ ಕ್ಯುಲೆಕ್ಸ್ ಸೊಳ್ಳೆ, ಅಂಗಳದಲ್ಲಿ ಮಗುಚದೆ ಬಿದ್ದ ಅಡಕೆ ಹಾಳೆಯಲ್ಲಿ ನಿಂತ ಮಳೆನೀರು, ಬೈಂದೂರಿನ ಗುಡ್ಡದ ಬದಿಗಾದರೆ ರಬ್ಬರ್ ಮರದ ಚಿಪ್ಪುಗಳು ಇವೆಲ್ಲ ಲಾಗ್‌ಬುಕ್ಕಿನ ಕಾಲಮ್ಮಿನಲ್ಲಿ ಇಲ್ಲವಾದ್ದರಿಂದ ಹುಡುಗಿ ಹಿತ್ತಿಲಿಗೆ ಹೋಗುವುದಿಲ್ಲ. ಹೋದರೂ ಅದು ಹುಳದ ಪಾಠ ಹೇಳುವ ಸೂಕ್ಷ್ಮಜೀವಿ ವಿಭಾಗದ ಕೆಲಸವಲ್ಲ, ಸಮುದಾಯ ವೈದ್ಯ ವಿಭಾಗದ್ದು. ಉಣ್ಣಿಗೂ ಇದೇ ಗತಿ. ಕೊಲ್ಲೂರು, ಹೊಸಂಗಡಿ ಕಡೆ ಘಟ್ಟದ ಬುಡದಲ್ಲಿ ಮಂಗ ಸತ್ತು ಬಿದ್ದರೆ ಜನ ಕಂಗಾಲಾಗುವುದು ಅದರ ಮೈಮೇಲಿನ ಉಣ್ಣಿಗೆ, ಉಣ್ಣಿ ಹೊತ್ತುತರುವ ಮಂಗನ ಕಾಯಿಲೆಗೆ. ಆ ಕಾಯಿಲೆಯನ್ನು 1957ರಲ್ಲಿ ಘಟ್ಟದ ಮೇಲಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು, ಹೆಸರಿಗೂ ನಮ್ಮದೇ. ವೈರಸ್ ಒಂದು ಪಾಠದಲ್ಲಿ, ಉಣ್ಣಿ ಇನ್ನೊಂದು ವಿಭಾಗದಲ್ಲಿ, ಮಂಗ ಅರಣ್ಯ ಇಲಾಖೆಯಲ್ಲಿ. ಒಂದನ್ನೊಂದು ಭೇಟಿಯಾಗಲು ಬಿಡದ ಈ ವ್ಯವಸ್ಥೆ ರೋಗ ಹರಡುವುದನ್ನೂ ತಡೆದಿದ್ದರೆ ಚೆನ್ನಾಗಿತ್ತು; ಸದ್ಯಕ್ಕೆ ಪಾಠ ಹರಡುವುದನ್ನು ತಡೆದಿದೆ.

ಕೊನೆಯದಾಗಿ ಆನೆಕಾಲು ರೋಗ. ಉಡುಪಿ ಜಿಲ್ಲೆ ಅದರ ಹಳೆಯ ನೆಲೆ. 2004ರಿಂದ ದೇಶದಲ್ಲಿ ಡಿಇಸಿ ಮಾತ್ರೆಯನ್ನು ಮನೆಮನೆಗೆ ಹಂಚಿ ನುಂಗಿಸುವ ಅಭಿಯಾನ ನಡೆದು, ಈಗ ಆ ಕಾಲುಗಳು ದೇವಸ್ಥಾನದ ರಥಬೀದಿಯಲ್ಲಿ ಅಪರೂಪಕ್ಕೆ ಕಾಣುತ್ತವೆ. ವುಚರೇರಿಯಾ ಎಂಬ ಹುಳ ದುಗ್ಧನಾಳದಲ್ಲಿ ಮನೆಮಾಡಿ ಮರಿಗಳನ್ನು ರಕ್ತಕ್ಕೆ ಬಿಡುತ್ತದೆ. ಮೈಕ್ರೋಫೈಲೇರಿಯಾ ಎಂಬ ಈ ಮರಿಗಳ ಒಂದು ಗುಣ ಮ್ಯಾನ್ಸನ್ನನನ್ನೇ ಬೆರಗುಗೊಳಿಸಿತ್ತು. ಹಗಲಿಡೀ ಅವು ಶ್ವಾಸಕೋಶದ ಒಳನಾಳಗಳಲ್ಲಿ ಅಡಗಿ, ರಾತ್ರಿ ಹತ್ತರಿಂದ ಎರಡರ ನಡುವೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಕ್ಯುಲೆಕ್ಸ್ ಸೊಳ್ಳೆ ಕಚ್ಚುವುದೂ ಆಗಲೇ. ಎಂದರೆ ಹರಕೆ ಆಟದಲ್ಲಿ ಒಡ್ಡೋಲಗ ಮುಗಿದು, ಎರಡನೆಯ ಪ್ರಸಂಗಕ್ಕೆ ಕಾವು ಏರಿ, ಜನ ಗದ್ದೆಯಲ್ಲಿ ಚಾಪೆ ಹಾಸಿ, ಮುಂಡಾಸು ಬಿಚ್ಚಿ ಕಾಲು ಚಾಚಿ ಕುಳಿತ ಹೊತ್ತಿಗೆ. ಈ ಸೀಮೆಯ ಮೇಳಗಳು ಕಾಲಮಿತಿ ಯಕ್ಷಗಾನಕ್ಕೆ ಒಗ್ಗಿಕೊಂಡರೂ ಮೈಕ್ರೋಫೈಲೇರಿಯಾ ತನ್ನ ಪೂರ್ಣರಾತ್ರಿಯ ಸಂಪ್ರದಾಯವನ್ನು ಬಿಟ್ಟಿಲ್ಲ. ಅದಕ್ಕೇ ಆರೋಗ್ಯ ಇಲಾಖೆಯವರು ಟಾರ್ಚು, ಸೂಜಿ, ಗಾಜುಪಟ್ಟಿ ಹಿಡಿದು ರಾತ್ರಿ ಹೊತ್ತು ನಿದ್ದೆಗಣ್ಣಿನವರ ಬೆರಳು ಚುಚ್ಚುತ್ತ ಮನೆಮನೆ ಅಲೆಯುವುದು, ನಾಯಿ ಬೊಗಳಿಸಿಕೊಳ್ಳುವುದು.

ಕಾಲೇಜಿನಲ್ಲಿ ಫೈಲೇರಿಯಾದ ಪ್ರಾಯೋಗಿಕ ಪಾಠ ಬೆಳಿಗ್ಗೆ ಹನ್ನೊಂದಕ್ಕೆ. ಹಳೆಯ ಸ್ಲೈಡಿನಲ್ಲಿ ಬಾಲದ ತುದಿ ನೋಡಬೇಕು. ತುದಿಯಲ್ಲಿ ನ್ಯೂಕ್ಲಿಯಸ್ ಇಲ್ಲದಿದ್ದರೆ ವುಚರೇರಿಯಾ, ಎರಡಿದ್ದರೆ ಬ್ರೂಗಿಯಾ. ಇಷ್ಟು ತಿಳಿದರೆ ಆ ದಿನದ ಪುಣ್ಯ ಸಂಪಾದನೆ ಆಯಿತು. ಒಂದು ವೇಳೆ ಯಾರಾದರೂ ಉತ್ಸಾಹಿಗಳು, ‘ಮಕ್ಕಳನ್ನು ಒಂದು ರಾತ್ರಿ ಬಯಲಾಟದ ಗದ್ದೆಗೆ ಕರೆದುಕೊಂಡು ಹೋಗೋಣ, ಸೊಳ್ಳೆ ಹೇಗೆ ಕಚ್ಚುತ್ತದೆ, ಜನ ಹೇಗೆ ಕೂರುತ್ತಾರೆ, ರಕ್ತ ಹೇಗೆ ತೆಗೆಯುತ್ತಾರೆ ಅಲ್ಲೇ ಕಾಣಲಿ’ ಎಂದು ಸಭೆಯಲ್ಲಿ ಸೂಚಿಸಿದರು ಅನ್ನಿ. ಹಾಸ್ಟೆಲ್ಲಿನ ಗೇಟು ರಾತ್ರಿ ಮುಚ್ಚುತ್ತದೆ. ಬಸ್ಸಿನ ಡ್ರೈವರಿಗೆ ಓವರ್‌ಟೈಮ್ ಕೊಡಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಹಾಜರಿ ಯಂತ್ರ ಗೋಡೆಯಲ್ಲಿದೆ, ಅದನ್ನು ಕಿತ್ತು ಗದ್ದೆಗೆ ಒಯ್ಯಲಾಗುವುದಿಲ್ಲ. ಹೀಗಾಗಿ ಸಭೆ ಸೂಚನೆಯನ್ನು ಶ್ಲಾಘಿಸಿ, ಪಾಠ ಹನ್ನೊಂದಕ್ಕೇ ಇರಲಿ ಎಂದು ನಿರ್ಣಯಿಸುತ್ತದೆ. ಮೈಕ್ರೋಫೈಲೇರಿಯಾ ಬೇಕಾದರೆ ತನ್ನ ಸಮಯ ಬದಲಿಸಿಕೊಳ್ಳಲಿ. ತರಗತಿಯ ಹೊತ್ತಿಗೆ ಬಾರದವರಿಗೆ, ಶೇಕಡಾ 75 ಹಾಜರಿ ಇಲ್ಲದವರಿಗೆ, ಪರೀಕ್ಷೆಗೆ ಕೂರಲು ಹಾಲ್ ಟಿಕೆಟ್ ಕೊಡುವ ಪದ್ಧತಿ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ.